ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ ಖಾರ ಕಡಿಮೆಯ ಸ್ಲೋ ಕುಕ್ಕರ್ ಕೋಳಿ ಸಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾರಿಗಾಗಿ ಮಾಡುವ ಸಾರು?

ಮುಖ್ಯವಾಗಿ ಲೋ ಫಾಡ್‌ಮ್ಯಾಪ್ ಪಥ್ಯದಲ್ಲಿ, ಅಂದರೆ ಕರುಳಿಗೆ ಸರಿಯಾಗಿ ಹೀರಲಾಗದ ಕೆಲವು ಸಕ್ಕರೆಗಳನ್ನು ಕಡಿಮೆ ಮಾಡುವ ಪಥ್ಯದಲ್ಲಿ ಇರುವವರಿಗೆ. ಹೊಟ್ಟೆ ಉಬ್ಬರ, ಗ್ಯಾಸ್, ನೋವು, ಒಮ್ಮೆ ಭೇದಿ ಒಮ್ಮೆ ಮಲಬದ್ಧತೆ ಅಂತ ಒದ್ದಾಡಿ, ಕೊನೆಗೆ ಡಾಕ್ಟರ್ "ಇದು ಐಬಿಎಸ್" (ಇರಿಟಬಲ್ ಬವೆಲ್ ಸಿಂಡ್ರೋಮ್, ಕರುಳು ಬೇಗ ಕೆರಳುವ ತೊಂದರೆ) ಎಂದು ಹೇಳಿದ ಮೇಲೆ ಹಲವರಿಗೆ ಸಿಗುವ ಸಲಹೆ ಈ ಪಥ್ಯ. ಇದನ್ನು ರೂಪಿಸಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದ ತಂಡ. ಫಾಡ್‌ಮ್ಯಾಪ್ ಎಂಬ ಹೆಸರು ಬಳಕೆಗೆ ಬಂದದ್ದು 2005ರಲ್ಲಿ.

ವಿಷಯ ಸರಳ. ಕೆಲವು ಬಗೆಯ ಸಕ್ಕರೆ ಮತ್ತು ನಾರಿನಂಥ ಅಂಶಗಳನ್ನು ಸಣ್ಣ ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಇವೇ ಫಾಡ್‌ಮ್ಯಾಪ್. ಅವು ನೀರನ್ನು ಎಳೆದುಕೊಳ್ಳುತ್ತವೆ. ದೊಡ್ಡ ಕರುಳಿಗೆ ಹೋದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಗ್ಯಾಸ್ ಮಾಡುತ್ತವೆ. ಎಲ್ಲರ ಹೊಟ್ಟೆಯಲ್ಲೂ ಇದು ನಡೆಯುತ್ತದೆ. ಐಬಿಎಸ್ ಇರುವವರ ಕರುಳು ಸೂಕ್ಷ್ಮ, ಹಾಗಾಗಿ ಅವರಿಗೆ ನೋವಾಗುತ್ತದೆ, ಅಷ್ಟೇ.

ಕೋಳಿಯಲ್ಲಿ ಏನು ತೊಂದರೆ?

ಕೋಳಿಯಲ್ಲಿ ಏನೂ ಇಲ್ಲ. ಮಾಂಸದಲ್ಲಿ ಈ ಬಗೆಯ ಸಕ್ಕರೆಗಳೇ ಇರುವುದಿಲ್ಲ. ತೊಂದರೆ ಇರುವುದು ನಾವು ಅದರ ಜೊತೆ ಅರೆಯುವ ಮಸಾಲೆಯಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಎರಡರಲ್ಲೂ ಫ್ರಕ್ಟಾನ್ ಎಂಬ ಫಾಡ್‌ಮ್ಯಾಪ್ ಅಂಶ ಜಾಸ್ತಿ. ಸಾರು ಗಟ್ಟಿಯಾಗಲಿ ಅಂತ ಹಾಕುವ ಗೋಡಂಬಿ, ಹುರಿಗಡಲೆ ಕೂಡ ಇದೇ ಪಟ್ಟಿಗೆ ಸೇರುತ್ತವೆ. ಮೊಸರಿನಲ್ಲಿ ನೆನೆಸಿಟ್ಟರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಬರುತ್ತದೆ. ಒಟ್ಟಿನಲ್ಲಿ ನಮ್ಮ ಕೋಳಿ ಸಾರಿನಲ್ಲಿ ಕೋಳಿ ಮತ್ತು ಉಪ್ಪು ಬಿಟ್ಟು ಉಳಿದದ್ದನ್ನೆಲ್ಲ ಒಮ್ಮೆ ಪರೀಕ್ಷೆ ಮಾಡಬೇಕಾಗುತ್ತದೆ.

ಈರುಳ್ಳಿ ಇಡಿಯಾಗಿ ಹಾಕಿ, ಬೆಂದ ಮೇಲೆ ತೆಗೆದುಬಿಟ್ಟರೆ ಆಗಲ್ವಾ?

ಆಗಲ್ಲ. ಎಲ್ಲರೂ ಮೊದಲು ಕೇಳುವುದೇ ಇದನ್ನು. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ. ಸ್ಲೋ ಕುಕ್ಕರ್‌ನಲ್ಲಿ (ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ) ಈರುಳ್ಳಿ ಐದಾರು ಗಂಟೆ ರಸದಲ್ಲಿ ಕೂತಿರುತ್ತದೆ. ಆ ಹೊತ್ತಿಗೆ ಬೇಡದ್ದು ರಸಕ್ಕೆ ಇಳಿದಿರುತ್ತದೆ. ಆಮೇಲೆ ನೀವು ತೆಗೆದು ಎಸೆಯುವುದು ಬರೀ ಸಿಪ್ಪೆ ಸಮಾನ. ಪ್ರೆಷರ್ ಕುಕ್ಕರ್‌ನಲ್ಲೂ ಇದೇ ಕಥೆ. ಹುರಿದರೆ, ಕಂದು ಬಣ್ಣ ಬರುವ ತನಕ ಬಾಡಿಸಿದರೆ ಹೋಗುತ್ತದೆ ಅನ್ನುವ ನಂಬಿಕೆಯೂ ಇದೆ. ಅದನ್ನು ನೆಚ್ಚಿಕೊಳ್ಳಬೇಡಿ.

ಆದರೆ ಇದೇ ಗುಣದಲ್ಲಿ ಒಂದು ಉಪಾಯವೂ ಇದೆ. ಫ್ರಕ್ಟಾನ್ ಎಣ್ಣೆಯಲ್ಲಿ ಕರಗುವುದಿಲ್ಲ. ಬೆಳ್ಳುಳ್ಳಿಯ ಪರಿಮಳ ಎಣ್ಣೆಗೆ ಇಳಿಯುತ್ತದೆ. ಹಾಗಾಗಿ ಬರೀ ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಿಸಿ, ತಿಳಿ ಹೊಂಬಣ್ಣ ಬಂದಾಗ ಒಂದು ಚೂರೂ ಉಳಿಯದಂತೆ ಸೋಸಿಬಿಡಿ. ಆ ಎಣ್ಣೆಯಲ್ಲೇ ಸಾರು ಶುರು ಮಾಡಿ. ಬೆಳ್ಳುಳ್ಳಿ ಬಾಣಲೆಯಲ್ಲಿ ಇರುವಷ್ಟು ಹೊತ್ತು ಟೊಮೆಟೊ, ನೀರು, ಮಾಂಸ ಯಾವುದೂ ಅದರೊಳಗೆ ಬೀಳಬಾರದು. ಜಜ್ಜಿದರೆ ಸಣ್ಣ ಚೂರುಗಳು ಎಣ್ಣೆಯಲ್ಲೇ ಉಳಿಯುತ್ತವೆ, ಅದಕ್ಕೆ ದಪ್ಪ ಹೋಳು ಮಾಡಿಕೊಳ್ಳಿ.

ಆ ಬೆಳ್ಳುಳ್ಳಿ ಎಣ್ಣೆಯನ್ನು ಬಾಟಲಿ ತುಂಬ ಮಾಡಿ ಇಟ್ಟುಕೊಳ್ಳಬಹುದಾ?

ಬೇಡ. ಇದೊಂದು ವಿಷಯದಲ್ಲಿ ರಾಜಿ ಇಲ್ಲ. ಬೆಳ್ಳುಳ್ಳಿ ಮಣ್ಣಿನಲ್ಲಿ ಬೆಳೆಯುವಂಥದ್ದು. ಅದರ ಮೇಲೆ ಬಾಟುಲಿಸಂ (ನರಗಳನ್ನು ಕೆಡಿಸಿ ಪ್ರಾಣಕ್ಕೇ ಕುತ್ತು ತರಬಲ್ಲ ಆಹಾರ ವಿಷ) ರೋಗಾಣುವಿನ ಬೀಜಕಣಗಳು ಇರಬಹುದು. ಎಣ್ಣೆಯೊಳಗೆ ಗಾಳಿ ಇಲ್ಲ, ಹುಳಿಯೂ ಇಲ್ಲ. ಆ ರೋಗಾಣುವಿಗೆ ಬೇಕಾದದ್ದೇ ಅದು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನ ಒಂದು ರೆಸ್ಟೊರೆಂಟ್‌ನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದ 36 ಮಂದಿಗೆ ಬಾಟುಲಿಸಂ ಆಗಿತ್ತು. ಎಣ್ಣೆ ಕೆಟ್ಟಿದೆ ಅಂತ ವಾಸನೆಯಿಂದ ಗೊತ್ತಾಗುವುದೂ ಇಲ್ಲ. ಅಂದಂದು ಬೇಕಾದಷ್ಟು ಮಾಡಿ, ಅಂದೇ ಮುಗಿಸಿ. ಅಂಗಡಿಯಲ್ಲಿ ಸಿಗುವ ಬಾಟಲಿಯ ಎಣ್ಣೆಯನ್ನು ಕೆಡದಂತೆ ಸಂಸ್ಕರಿಸಿರುತ್ತಾರೆ. ಅದನ್ನು ಲೇಬಲ್ ಹೇಳಿದಂತೆ ಇಟ್ಟುಕೊಳ್ಳಬಹುದು.

ಇಂಗು ಹಾಕಬಹುದಾ?

ಹಾಕಲೇಬೇಕು. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಮನೆಗಳಲ್ಲಿ ಸಾರು, ಹುಳಿ, ಗೊಜ್ಜು ಎಲ್ಲ ಘಮಘಮ ಅನ್ನುವುದು ಯಾವುದರಿಂದ? ಚಿಟಿಕೆ ಇಂಗಿನಿಂದ. ಕೋಳಿ ಸಾರಿಗೆ ಇಂಗು ಅಂದರೆ ಕೆಲವರು ಮೂಗು ಮುರಿಯುತ್ತಾರೆ. ಬಿಸಿ ಎಣ್ಣೆಯಲ್ಲಿ ಅರಳಿದ ಮೇಲೆ ಅದು ಇಂಗು ಅಂತ ಯಾರಿಗೂ ಹೊಳೆಯುವುದಿಲ್ಲ. ಬೆಳ್ಳುಳ್ಳಿಯಂಥ ಒಂದು ಗಾಢ ವಾಸನೆ ಮಾತ್ರ ಉಳಿಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಡಬ್ಬಿಯಲ್ಲಿ ಸಿಗುವ ಇಂಗು ಶುದ್ಧ ಇಂಗಲ್ಲ. ಇಂಗಿನ ಗಿಡದ ಅಂಟಿನ ಜೊತೆ ಹಿಟ್ಟು ಬೆರೆಸಿರುತ್ತಾರೆ, ಬಹಳ ಕಡೆ ಅದು ಗೋಧಿ ಅಥವಾ ಮೈದಾ. ಐಬಿಎಸ್ ಮಾತ್ರ ಇರುವವರಿಗೆ ಕಾಲು ಚಮಚದಲ್ಲಿರುವ ಗೋಧಿ ದೊಡ್ಡ ವಿಷಯವಲ್ಲ. ಸೀಲಿಯಾಕ್ ರೋಗ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಕರುಳನ್ನು ಕೆಡಿಸುವ ರೋಗ) ಇರುವವರಿಗೆ ಅದು ದೊಡ್ಡ ವಿಷಯವೇ. ಅಂಥವರು ಅಕ್ಕಿ ಹಿಟ್ಟು ಬೆರೆಸಿದ, ಗ್ಲುಟೆನ್ ಇಲ್ಲ ಎಂದು ಬರೆದ ಇಂಗನ್ನೇ ಹುಡುಕಬೇಕು. ಅಂದ ಹಾಗೆ, ಇಷ್ಟು ಇಂಗು ತಿನ್ನುವ ನಮ್ಮ ದೇಶದಲ್ಲಿ ಅದರ ಬೆಳೆಯೇ ಇರಲಿಲ್ಲ. ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನ ಕಡೆಯಿಂದ ತರಿಸುತ್ತಿದ್ದರು. 2020ರ ಅಕ್ಟೋಬರ್‌ನಲ್ಲಿ ಹಿಮಾಚಲದ ಲಾಹೌಲ್‌ನಲ್ಲಿ ಸಸಿ ನೆಟ್ಟು ಬೆಳೆಸುವ ಪ್ರಯತ್ನ ಶುರುವಾಯಿತು.

ಸರಿ, ನಾಲ್ಕು ಜನಕ್ಕೆ ಏನೇನು ಎಷ್ಟೆಷ್ಟು ಬೇಕು?

ಮೂಳೆ ಸಮೇತ, ಚರ್ಮ ತೆಗೆದ ಕೋಳಿ ತೊಡೆ 1 ಕೆಜಿ. ಎಣ್ಣೆ 3 ದೊಡ್ಡ ಚಮಚ, ಅದಕ್ಕೆ 6 ಎಸಳು ಬೆಳ್ಳುಳ್ಳಿ (ಸೋಸಿ ತೆಗೆಯಲು). ಇಂಗು ಕಾಲು ಚಮಚ. ಎರಡು ಇಂಚು ಶುಂಠಿ, ತುರಿದದ್ದು. ಧನಿಯಾ ಪುಡಿ 1 ದೊಡ್ಡ ಚಮಚ, ಜೀರಿಗೆ ಪುಡಿ 1 ಚಮಚ, ಅರಿಸಿನ ಅರ್ಧ ಚಮಚ, ಕಾಳುಮೆಣಸಿನ ಪುಡಿ ಅರ್ಧ ಚಮಚ. ಬ್ಯಾಡಗಿ ಮೆಣಸಿನಕಾಯಿ 2 ಅಥವಾ 3. ಒಂದು ತುಂಡು ಚಕ್ಕೆ, 3 ಲವಂಗ. ಮಧ್ಯಮ ಗಾತ್ರದ ಟೊಮೆಟೊ 2, ಕ್ಯಾರೆಟ್ 2, ಆಲೂಗಡ್ಡೆ 1. ತೆಂಗಿನ ಹಾಲು 200 ಮಿಲಿ. ಉಪ್ಪು ಒಂದೂಕಾಲು ಚಮಚ. ನೀರು ಅರ್ಧ ಲೋಟ, ಅಷ್ಟೇ. ಕೊನೆಗೆ ಹಾಕಲು ಕರಿಬೇವು, ಕೊತ್ತಂಬರಿ ಸೊಪ್ಪು, ಈರುಳ್ಳಿ ಹೂವಿನ ಹಸಿರು ಭಾಗ, ಅರ್ಧ ನಿಂಬೆಹಣ್ಣು.

ಅಂಗಡಿಯಲ್ಲಿ ಸ್ಪ್ರಿಂಗ್ ಆನಿಯನ್ ಅಂತ ಸಿಗುತ್ತದಲ್ಲ, ಅದೇ ಈರುಳ್ಳಿ ಹೂವು. ಹಸಿರು ಭಾಗ ಮಾತ್ರ ಬಳಸಿ. ಕೆಳಗಿನ ಬಿಳಿ ಗಡ್ಡೆಯಲ್ಲಿ ಫ್ರಕ್ಟಾನ್ ಇದೆ.

ಟೊಮೆಟೊ ಮತ್ತು ತೆಂಗಿನ ಹಾಲಿಗೆ ಅಳತೆ ಕೊಟ್ಟಿರುವುದಕ್ಕೆ ಕಾರಣ ಇದೆ. ಎರಡೂ ಸ್ವಲ್ಪ ತಿಂದರೆ ಸರಿ, ಜಾಸ್ತಿಯಾದರೆ ತೊಂದರೆ ಕೊಡುವಂಥವು. ಈ ಅಳತೆಯಲ್ಲಿ ಒಬ್ಬರಿಗೆ ತೆಂಗಿನ ಹಾಲು ಸುಮಾರು 50 ಮಿಲಿ, ಟೊಮೆಟೊ ಅರ್ಧ ಹಣ್ಣು ಬರುತ್ತದೆ. "ರುಚಿಯಾಗಿದೆ, ಇನ್ನೂ ಎರಡು ಸೌಟು" ಅಂದರೆ ಲೆಕ್ಕ ತಪ್ಪುತ್ತದೆ.

ಎಲ್ಲವನ್ನೂ ಒಟ್ಟಿಗೆ ಹಾಕಿ ಸ್ವಿಚ್ ಹಾಕಿದರೆ ಮುಗೀತಲ್ವಾ? ಸ್ಲೋ ಕುಕ್ಕರ್ ಇರುವುದೇ ಅದಕ್ಕಲ್ಲವೇ?

ಹಾಗೆ ಮಾಡಿದರೆ ಬೇಯುತ್ತದೆ, ಆದರೆ ಆಸ್ಪತ್ರೆ ಊಟದಂತೆ ಸಪ್ಪೆಯಾಗಿರುತ್ತದೆ. ಸ್ಲೋ ಕುಕ್ಕರ್‌ನ ಒಳಗೆ ಬಿಸಿ ನೀರಿನ ಕುದಿಯನ್ನು ದಾಟುವುದಿಲ್ಲ. ಮಾಂಸ ಕೆಂಪಗಾಗಿ ಹುರಿದ ಪರಿಮಳ ಬರಬೇಕಾದರೆ ಅದಕ್ಕಿಂತ ಬಹಳ ಜಾಸ್ತಿ ಬಿಸಿ ಬೇಕು, 140 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆ ಕೆಲಸ ಬಾಣಲೆಯಲ್ಲೇ ಆಗಬೇಕು. ಈರುಳ್ಳಿ ಇಲ್ಲದ ಸಾರಿಗೆ ಈ ಹತ್ತು ನಿಮಿಷದ ಹುರಿಯುವಿಕೆಯೇ ಜೀವಾಳ. ಇದನ್ನು ಬಿಟ್ಟು ಆಮೇಲೆ "ಪಥ್ಯದ ಅಡುಗೆ ಅಂದರೆ ಹೀಗೇ" ಅಂತ ಪಥ್ಯವನ್ನು ಬೈಯುವುದು ನ್ಯಾಯವಲ್ಲ.

ಬೆಳ್ಳುಳ್ಳಿ ಸೋಸಿದ ಎಣ್ಣೆ ಕಾಯಿಸಿ. ಕೋಳಿ ತುಂಡುಗಳನ್ನು ಒತ್ತೊತ್ತಾಗಿ ತುಂಬದೆ, ಎರಡು ಸಲಕ್ಕೆ ಹಾಕಿ ಎರಡೂ ಬದಿ ಕೆಂಪಗಾಗಿಸಿ ತೆಗೆದಿಡಿ. ಅದೇ ಎಣ್ಣೆಗೆ ಚಕ್ಕೆ, ಲವಂಗ, ಇಂಗು, ಶುಂಠಿ. ಉರಿ ಸಣ್ಣ ಮಾಡಿ ಪುಡಿಗಳನ್ನೆಲ್ಲ ಹಾಕಿ ಅರ್ಧ ನಿಮಿಷ ಕೈಯಾಡಿಸಿ. ಹೆಚ್ಚಿದ ಟೊಮೆಟೊ ಹಾಕಿ, ಮೆತ್ತಗಾದ ಮೇಲೆ ಅರ್ಧ ಲೋಟ ನೀರು ಸುರಿದು ಬಾಣಲೆಯ ತಳಕ್ಕೆ ಹಿಡಿದದ್ದನ್ನೆಲ್ಲ ಕೆರೆದುಕೊಳ್ಳಿ. ರುಚಿ ಇರುವುದು ಅಲ್ಲೇ. ಸ್ಲೋ ಕುಕ್ಕರ್‌ನ ತಳಕ್ಕೆ ಆಲೂಗಡ್ಡೆ, ಕ್ಯಾರೆಟ್ ಹಾಸಿ. ಗಡ್ಡೆಗಳು ಮಾಂಸಕ್ಕಿಂತ ನಿಧಾನ ಬೇಯುತ್ತವೆ, ಅದಕ್ಕೇ ಅವು ಕೆಳಗೆ. ಮೇಲೆ ಕೋಳಿ, ಅದರ ಮೇಲೆ ಮಸಾಲೆ, ಉಪ್ಪು. ಮುಚ್ಚಳ ಮುಚ್ಚಿ.

ಎಷ್ಟು ಹೊತ್ತು?

ಕುಕ್ಕರ್‌ನ ಗುಂಡಿ ಲೋ (ಕಡಿಮೆ ಬಿಸಿ) ಮೇಲೆ ಇದ್ದರೆ 5ರಿಂದ 6 ಗಂಟೆ, ಹೈ (ಜಾಸ್ತಿ ಬಿಸಿ) ಮೇಲೆ ಇದ್ದರೆ ಸುಮಾರು 3 ಗಂಟೆ. ಮೂಳೆ ಇಲ್ಲದ ತೊಡೆಯಾದರೆ ಸ್ವಲ್ಪ ಕಡಿಮೆ ಸಾಕು. ನಾಟಿ ಕೋಳಿಗೆ ಲೋ ಮೇಲೆ 7-8 ಗಂಟೆ ಬೇಕಾಗಬಹುದು. ನಿಜ ಹೇಳಬೇಕೆಂದರೆ ಸ್ಲೋ ಕುಕ್ಕರ್‌ಗೆ ಹೇಳಿ ಮಾಡಿಸಿದ್ದು ನಾಟಿ ಕೋಳಿಯೇ. ಎದೆ ಭಾಗ ಬೇಡ. ಅದು ಬೇಗ ಬೆಂದು, ಆಮೇಲೆ ಒಣಗಿ ನಾರಾಗುತ್ತದೆ. ತೊಡೆಯಲ್ಲಿರುವ ಅಂಟು ನಿಧಾನ ಬಿಸಿಗೆ ಕರಗಿ ರಸಕ್ಕೆ ಮೈ ಕೊಡುತ್ತದೆ.

ಮಾಂಸದ ಥರ್ಮಾಮೀಟರ್ ಇದ್ದರೆ ದಪ್ಪ ತುಂಡಿನ ನಡುವೆ ಚುಚ್ಚಿ ನೋಡಿ. 74 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು.

ನಡುನಡುವೆ ಮುಚ್ಚಳ ತೆಗೆದು ಇಣುಕಬೇಡಿ. ಒಂದು ಸಲ ತೆಗೆದರೆ ಕಳೆದುಹೋದ ಬಿಸಿ ಮತ್ತೆ ಬರಲು ಇಪ್ಪತ್ತು ಮೂವತ್ತು ನಿಮಿಷ ಬೇಕು.

ತೆಂಗಿನ ಹಾಲು ಯಾವಾಗ?

ಕೊನೆಯ ಅರ್ಧ ಗಂಟೆಯಲ್ಲಿ. ಮೊದಲೇ ಹಾಕಿದರೆ ಒಡೆದು ಎಣ್ಣೆ ತೇಲುತ್ತದೆ. ತಿನ್ನಲು ತೊಂದರೆ ಇಲ್ಲ, ನೋಡಲು ಚೆನ್ನಾಗಿರುವುದಿಲ್ಲ. ಟಿನ್ ಕೊಳ್ಳುವಾಗ ಪದಾರ್ಥಗಳ ಪಟ್ಟಿಯಲ್ಲಿ ಇನುಲಿನ್ ಅಥವಾ ಚಿಕೋರಿ ನಾರು ಇದೆಯಾ ನೋಡಿ. ಇದ್ದರೆ ವಾಪಸ್ ಇಡಿ, ಇನುಲಿನ್ ಕೂಡ ಫ್ರಕ್ಟಾನೇ.

ಸಾರು ನೀರು ನೀರಾಗಿದೆ. ಏನು ಮಾಡಲಿ?

ಸ್ಲೋ ಕುಕ್ಕರ್‌ನಲ್ಲಿ ನೀರು ಆವಿಯಾಗಿ ಹೋಗುವುದಿಲ್ಲ. ಕೋಳಿ, ಟೊಮೆಟೊ ಬಿಡುವ ನೀರೂ ಸೇರಿಕೊಳ್ಳುತ್ತದೆ. ಅದಕ್ಕೇ ಅರ್ಧ ಲೋಟ ಅಂದದ್ದು. ಆದರೂ ತೆಳ್ಳಗಾದರೆ, ಬೆಂದ ಆಲೂಗಡ್ಡೆಯ ನಾಲ್ಕಾರು ಹೋಳು ಸೌಟಿನಿಂದ ಮಸೆದು ಕಲಸಿ. ಇಲ್ಲವೇ ಒಂದು ದೊಡ್ಡ ಚಮಚ ಅಕ್ಕಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸುರಿದು ಹೈ ಮೇಲೆ ಹದಿನೈದು ನಿಮಿಷ ಬಿಡಿ. ಗಸಗಸೆ ಅರೆದು ಹಾಕಿದರೂ ಚೆನ್ನ. ಆದರೆ ದುಬೈ, ಸಿಂಗಪುರದಲ್ಲಿ ಇರುವವರು ಊರಿಂದ ಗಸಗಸೆ ಒಯ್ಯುವ ಯೋಚನೆ ಮಾಡಬೇಡಿ. ಅಲ್ಲಿ ಅದಕ್ಕೆ ನಿಷೇಧ ಇಲ್ಲವೇ ಕಟ್ಟುನಿಟ್ಟಿನ ನಿರ್ಬಂಧ ಇದೆ.

ಖಾರ ಕಡಿಮೆ ಬೇಕು, ಆದರೆ ಬಣ್ಣ ಬೇಕು.

ಅದಕ್ಕೇ ಬ್ಯಾಡಗಿ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಕಡುಗೆಂಪು ಬಣ್ಣ, ಖಾರ ಕಡಿಮೆ. ಗುಂಟೂರು ಹಾಕುವ ಜಾಗದಲ್ಲಿ ಇದನ್ನು ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಬೀಜ ಉದುರಿಸಿದರೆ ಸಾಲದು, ಒಳಗಿನ ಬಿಳಿ ಎಳೆಯನ್ನೂ ಕಿತ್ತು ತೆಗೆಯಿರಿ. ಖಾರ ಹುಟ್ಟುವುದು ಆ ಎಳೆಯಲ್ಲಿ, ಬೀಜದಲ್ಲಲ್ಲ. ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ಅರೆದು, ಟೊಮೆಟೊ ಜೊತೆ ಹಾಕಿ.

ಮೆಣಸಿನ ಖಾರ ಫಾಡ್‌ಮ್ಯಾಪ್ ಅಲ್ಲ. ಆದರೂ ಸೂಕ್ಷ್ಮ ಕರುಳನ್ನು ಅದು ಕೆರಳಿಸುತ್ತದೆ, ಐಬಿಎಸ್ ಇರುವ ಬಹಳ ಜನಕ್ಕೆ ಅದರ ಅನುಭವ ಇರುತ್ತದೆ. ಎದೆಯುರಿಯೂ ಇದ್ದರೆ ಮೆಣಸಿನಕಾಯಿ, ಟೊಮೆಟೊ ಎರಡನ್ನೂ ಬಿಟ್ಟು ಅರಿಸಿನದ ಹಳದಿ ಸಾರು ಮಾಡಿ. ಜೀರಿಗೆ, ಶುಂಠಿ, ತೆಂಗಿನ ಹಾಲು ಇದ್ದರೆ ಅದೂ ರುಚಿಯೇ.

ಅಂಗಡಿಯ ಚಿಕನ್ ಮಸಾಲಾ ಪೊಟ್ಟಣ ಹಾಕಬಹುದಾ?

ಹಿಂಬದಿ ಓದಿ. ಬಹುತೇಕ ಪೊಟ್ಟಣಗಳಲ್ಲಿ ಒಣ ಈರುಳ್ಳಿ, ಬೆಳ್ಳುಳ್ಳಿ ಪುಡಿ ಇರುತ್ತದೆ. ಪುಡಿ ಅಂದರೆ ನೀರು ಹೋಗಿ ಉಳಿದದ್ದು, ಹಾಗಾಗಿ ಫ್ರಕ್ಟಾನ್ ಇನ್ನೂ ಸಾಂದ್ರ. ಸ್ಟಾಕ್ ಕ್ಯೂಬ್‌ಗಳದೂ ಇದೇ ಹಣೆಬರಹ. ಬಿಡಿ ಮಸಾಲೆ ತಂದು ಮನೆಯಲ್ಲೇ ಪುಡಿ ಮಾಡಿಕೊಳ್ಳುವುದು ವಾಸಿ.

ಫ್ರೀಜರ್‌ನಿಂದ ತೆಗೆದ ಕೋಳಿಯನ್ನು ಹಾಗೇ ಹಾಕಬಹುದಾ?

ಇಲ್ಲ. ಸ್ಲೋ ಕುಕ್ಕರ್ ನಿಧಾನವಾಗಿ ಬಿಸಿಯಾಗುತ್ತದೆ. ಹೆಪ್ಪುಗಟ್ಟಿದ ಕೋಳಿ 4ರಿಂದ 60 ಡಿಗ್ರಿ ನಡುವೆ ಗಂಟೆಗಟ್ಟಲೆ ಇರುತ್ತದೆ, ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ. ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಯಲ್ಲಿ ಇಟ್ಟು ಕರಗಿಸಿ. ಪಾತ್ರೆಯನ್ನು ಅರ್ಧಕ್ಕಿಂತ ಕಡಿಮೆಯೂ, ಮುಕ್ಕಾಲಿಗಿಂತ ಜಾಸ್ತಿಯೂ ತುಂಬಬೇಡಿ.

ನಡುವೆ ಕರೆಂಟ್ ಹೋದರೆ?

ಅಮೆರಿಕದ ಅಡುಗೆ ಪುಸ್ತಕಗಳು ಈ ಪ್ರಶ್ನೆಯನ್ನು ಅಷ್ಟಾಗಿ ಎತ್ತುವುದಿಲ್ಲ. ನಮ್ಮ ಕಡೆ ಇದೇ ದೊಡ್ಡ ಪ್ರಶ್ನೆ. ನೀವು ಮನೆಯಲ್ಲೇ ಇದ್ದರೆ ತಕ್ಷಣ ಗ್ಯಾಸ್ ಒಲೆಗೆ ಬದಲಾಯಿಸಿ ಬೇಯಿಸಿ ಮುಗಿಸಿ. ಬೇರೆ ಪಾತ್ರೆಗೆ ಸುರಿದುಕೊಳ್ಳಿ, ಸ್ಲೋ ಕುಕ್ಕರ್‌ನ ಪಿಂಗಾಣಿ ಪಾತ್ರೆ ಉರಿಯ ಮೇಲೆ ಇಟ್ಟರೆ ಬಿರುಕು ಬಿಡುತ್ತದೆ. ನೀವು ಹೊರಗೆ ಹೋಗಿದ್ದಾಗ ಕರೆಂಟ್ ಹೋಗಿ ಬಂದಿದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ ಅಂದರೆ, ಬೆಂದಂತೆ ಕಂಡರೂ ಎಸೆಯಿರಿ. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಮೊದಲೇ ಹೊಟ್ಟೆ ಸರಿ ಇಲ್ಲದವರಿಗೆ ಕೆಟ್ಟ ಕೋಳಿ ತಿನ್ನಿಸುವುದು ಇನ್ನೂ ದುಬಾರಿ.

ಕರೆಂಟ್ ಬಿಲ್ ಚಿಂತೆ ಬೇಡ. 200 ವ್ಯಾಟ್‌ನ ಕುಕ್ಕರ್ ಆರು ಗಂಟೆ ಉರಿದರೂ 1.2 ಯೂನಿಟ್.

ಸ್ಲೋ ಕುಕ್ಕರೇ ಇಲ್ಲ.

ಇಲ್ಲದಿದ್ದರೆ ಕೊಳ್ಳಲೇಬೇಕು ಅಂತೇನೂ ಇಲ್ಲ. ದಪ್ಪ ತಳದ ಪಾತ್ರೆ ಅಥವಾ ಮಣ್ಣಿನ ಮಡಕೆಯಲ್ಲಿ, ಅತಿ ಸಣ್ಣ ಉರಿಯಲ್ಲಿ ಮುಕ್ಕಾಲರಿಂದ ಒಂದು ಗಂಟೆ ಬೇಯಿಸಿ. ನೀರು ಒಂದು ಲೋಟ ಜಾಸ್ತಿ ಹಾಕಿ, ಆಗಾಗ ನೋಡಿ. ಕೆಲಸಕ್ಕೆ ಹೋಗಿ ಬರುವವರಿಗೆ, ಒಲೆ ಮುಂದೆ ನಿಲ್ಲುವ ಶಕ್ತಿ ಇಲ್ಲದವರಿಗೆ ಸ್ಲೋ ಕುಕ್ಕರ್ ಉಪಕಾರಿ. ಉಳಿದವರಿಗೆ ಮಡಕೆಯೇ ಸಾಕು.

ಜೊತೆಗೆ ಏನು? ಮುದ್ದೆ ಆಗುತ್ತಾ? ಚಪಾತಿ?

ಗೋಧಿಯಲ್ಲಿ ಫ್ರಕ್ಟಾನ್ ಇದೆ, ಹಾಗಾಗಿ ಪಥ್ಯದ ಮೊದಲ ಕಟ್ಟುನಿಟ್ಟಿನ ವಾರಗಳಲ್ಲಿ ಚಪಾತಿ, ಪರೋಟ ಬೇಡ. ಅನ್ನ ಹಾಕಿಕೊಂಡರೆ ಯೋಚನೆಯೇ ಇಲ್ಲ. ಅದಕ್ಕಿಂತ ಚೆನ್ನ ನೀರು ದೋಸೆ. ಅಕ್ಕಿ, ನೀರು, ಉಪ್ಪು ಬಿಟ್ಟು ಅದರಲ್ಲಿ ಬೇರೇನೂ ಇಲ್ಲ, ಕೋಳಿ ಜೊತೆ ಅದರ ಜೋಡಿ ಹೇಗಿರುತ್ತದೆ ಅಂತ ಮಂಗಳೂರಿನವರನ್ನು ಕೇಳಿ. ಕೋರಿ ರೊಟ್ಟಿಯ ಒಣ ರೊಟ್ಟಿಯೂ ಅಕ್ಕಿಯದೇ. ಮಾಮೂಲಿ ದೋಸೆಯಲ್ಲಿ ಉದ್ದಿನ ಬೇಳೆ ಇದೆ, ಅದನ್ನು ಆಮೇಲೆ ನೋಡೋಣ.

ರಾಗಿಯಲ್ಲಿ ಗ್ಲುಟೆನ್ ಇಲ್ಲ, ಸೀಲಿಯಾಕ್ ಇರುವವರು ಬೇರೆ ಹಿಟ್ಟು ಬೆರೆಯದ ರಾಗಿಯ ಮುದ್ದೆ ತಿನ್ನಬಹುದು. ಐಬಿಎಸ್ ಪಥ್ಯದಲ್ಲಿ ಇರುವವರು ಮೊದಲ ವಾರಗಳಲ್ಲಿ ಅನ್ನದಲ್ಲೇ ಇದ್ದು, ಆಮೇಲೆ ಸಣ್ಣ ಮುದ್ದೆಯಿಂದ ಶುರು ಮಾಡಲಿ. ಮುದ್ದೆ ಬಿಟ್ಟು ಇರುವುದು ಕೆಲವರಿಗೆ ಬೆಳ್ಳುಳ್ಳಿ ಬಿಡುವುದಕ್ಕಿಂತ ಕಷ್ಟ ಅಂತ ಗೊತ್ತು.

ಕಿಡ್ನಿ ತೊಂದರೆ ಇರುವವರಿಗೆ, ಉಪ್ಪು ಬಿಟ್ಟವರಿಗೆ ಇದೇ ಸಾರು ಆಗುತ್ತಾ?

ಹಾಗೆ ಹೇಳಲಾಗದು. ಕಿಡ್ನಿ ಪಥ್ಯದಲ್ಲಿ ಪೊಟ್ಯಾಸಿಯಂ ನೋಡಬೇಕು. ಆಲೂಗಡ್ಡೆ, ಟೊಮೆಟೊ, ತೆಂಗಿನ ಹಾಲು ಮೂರರಲ್ಲೂ ಅದು ಇದೆ. ಕೋಳಿಯ ಪ್ರಮಾಣಕ್ಕೂ ಮಿತಿ ಇರುತ್ತದೆ. ಕಡಿಮೆ ಸೋಡಿಯಂ ಉಪ್ಪು ಅಂತ ಸಿಗುವುದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ, ಕಿಡ್ನಿ ರೋಗಿಗಳಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಬರೀ ಬಿಪಿಗಾಗಿ ಉಪ್ಪು ಕಡಿಮೆ ಮಾಡಿದವರು ಉಪ್ಪನ್ನು ಅರ್ಧಕ್ಕೆ ಇಳಿಸಿ, ನಿಂಬೆರಸ ಮತ್ತು ಕಾಳುಮೆಣಸು ಸ್ವಲ್ಪ ಏರಿಸಿ.

ಉಳಿದದ್ದನ್ನು ಏನು ಮಾಡುವುದು?

ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಗೆ ಸುರಿದು ಫ್ರಿಜ್‌ಗೆ ಇಡಿ. 3-4 ದಿನ ಇರುತ್ತದೆ. ಮತ್ತೆ ಬಿಸಿ ಮಾಡುವುದು ಒಲೆಯ ಮೇಲೆ, ಚೆನ್ನಾಗಿ ಕುದಿಸಿ. ಸ್ಲೋ ಕುಕ್ಕರ್‌ನಲ್ಲಿ ಬಿಸಿ ಮಾಡಬೇಡಿ, ಅದು ಬಿಸಿಯಾಗುವಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ಮರುದಿನದ ಸಾರಿಗೆ ಹೊಸ ಒಗ್ಗರಣೆ ಕೊಡಿ. ತುಪ್ಪ, ಜೀರಿಗೆ, ಕರಿಬೇವು. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ.

ಇನ್ನು ಜೀವನಪೂರ್ತಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲವೇ?

ಅಲ್ಲ, ಖಂಡಿತ ಅಲ್ಲ. ಈ ಪಥ್ಯದ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ ಇದೇ. ಕಟ್ಟುನಿಟ್ಟಿನ ಹಂತ 2ರಿಂದ 6 ವಾರ. ಆರಾಮಾದರೆ ಒಂದೊಂದೇ ಪದಾರ್ಥ ವಾಪಸ್ ತಂದು ನೋಡಬೇಕು. ಮೂರು ದಿನ ಪ್ರಮಾಣ ಸ್ವಲ್ಪ ಸ್ವಲ್ಪ ಏರಿಸಿ, ಹೊಟ್ಟೆ ಏನು ಹೇಳುತ್ತದೆ ಅಂತ ಬರೆದಿಡಬೇಕು. ಬೆಳ್ಳುಳ್ಳಿ ಬೇರೆ, ಈರುಳ್ಳಿ ಬೇರೆ, ಗೋಧಿ ಬೇರೆ. ಒಂದು ಆಗದವರಿಗೆ ಇನ್ನೊಂದು ಆಗಬಹುದು. ಆ ಪರೀಕ್ಷೆಗೆ ಈ ಸಾರು ಅನುಕೂಲ. ಉಳಿದದ್ದೆಲ್ಲ ಹಾಗೇ ಇಟ್ಟು, ನಿಮ್ಮ ತಟ್ಟೆಗೆ ಮಾತ್ರ ಅರ್ಧ ಎಸಳು ಬೆಂದ ಬೆಳ್ಳುಳ್ಳಿ ಹಾಕಿಕೊಂಡರೆ ಗೊಂದಲ ಇರುವುದಿಲ್ಲ. ಸಾಧ್ಯವಾದರೆ ಡಯಟೀಷಿಯನ್ ಜೊತೆಗಿರಲಿ. ಸುಮ್ನೆ ಭಯಕ್ಕೆ ವರ್ಷಗಟ್ಟಲೆ ಎಲ್ಲ ಬಿಟ್ಟು ಕೂತರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಊಟ ಸಿಗುವುದಿಲ್ಲ.

ಇನ್ನೊಂದು ಮಾತು. ತೂಕ ಇಳಿಯುತ್ತಿದೆ, ಮಲದಲ್ಲಿ ರಕ್ತ ಇದೆ, ರಕ್ತ ಕಡಿಮೆಯಾಗಿದೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದೆ ಅಂದರೆ ಅಡುಗೆ ಬದಲಿಸುತ್ತ ಕೂರಬೇಡಿ, ಮೊದಲು ಡಾಕ್ಟರ್ ಹತ್ತಿರ ಹೋಗಿ. ಸೀಲಿಯಾಕ್ ಪರೀಕ್ಷೆಯನ್ನು ಗೋಧಿ ಬಿಡುವ ಮೊದಲೇ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ರೋಗ ಇದ್ದರೂ ಕಾಣಿಸದೆ ಹೋಗಬಹುದು.

ಮನೆಯ ಉಳಿದವರಿಗೆ ಖಾರ ಬೇಕು. ಎರಡೆರಡು ಅಡುಗೆ ಮಾಡಬೇಕಾ?

ಬೇಡ. ಸಾರು ಒಂದೇ ಇರಲಿ. ಪಥ್ಯದವರಿಗೆ ಮೊದಲು ಬಡಿಸಿಬಿಡಿ. ಆಮೇಲೆ ಸಣ್ಣ ಬಾಣಲೆಯಲ್ಲಿ ಈರುಳ್ಳಿ, ಸೋಸಿ ತೆಗೆದಿಟ್ಟ ಆ ಬೆಳ್ಳುಳ್ಳಿ, ಗುಂಟೂರು ಮೆಣಸಿನಪುಡಿ ಹಾಕಿ ಕೆಂಪಗೆ ಹುರಿದು, ಉಳಿದ ಸಾರಿಗೆ ಸುರಿದು ಐದು ನಿಮಿಷ ಕುದಿಸಿ. ಸೌಟು ಮಾತ್ರ ಬೇರೆ ಬೇರೆ ಇರಲಿ.